ಬಾಲ ಬೀಸುವ ಕಾರು

ಗುಂಡ್ಲುಪೇಟೆ ಬಿಟ್ಟು ಊಟಿ ರಸ್ತೆ ಹಿಡಿದರೆ, ಊರು ಮುಗಿದು ಹೊಲ ಶುರುವಾಗುವ ಕಡೆ ಒಂದು ತಗಡಿನ ಮಾಡು ಇತ್ತು. ಅದು ಪುಟ್ಟಮಾದುವಿನ ಕುಲುಮೆ. ಲಾರಿಯ ಅಚ್ಚಿನ ಮೇಲೆ ಬಿಲ್ಲಿನ ಹಾಗೆ ಬಾಗಿದ ಉಕ್ಕಿನ ಪಟ್ಟಿಗಳನ್ನು ಒಂದರ ಮೇಲೊಂದು ಪೇರಿಸಿ ಕಟ್ಟಿರುತ್ತಾರಲ್ಲ, ಆ ಕಮಾನು ಪಟ್ಟಿಯ ಕೆಲಸ ಅವನದು. ಮುರಿದ ಪಟ್ಟಿ ತೆಗೆದು ಹೊಸದು ಕೂರಿಸುವುದು, ಹೊರೆ ಹೊತ್ತು ಹೊತ್ತು ಚಪ್ಪಟೆಯಾದದ್ದನ್ನು ಕೆಂಡದಲ್ಲಿ ಕಾಯಿಸಿ ಬಡಿದು ಮತ್ತೆ ಬಾಗು ಕೊಡುವುದು. ಕಲ್ಲಿಕೋಟೆಗೆ ತರಕಾರಿ ಒಯ್ಯುವ ಲಾರಿಗಳೂ ಆ ಕಡೆಯಿಂದ ಮರ ತರುವ ಲಾರಿಗಳೂ ಅವನ ಮುಂದೆ ಒಂದು ಗಳಿಗೆ ನಿಂತು ಹೋಗದೆ ಇರುತ್ತಿರಲಿಲ್ಲ.

ಅವನು ಹುಟ್ಟಿದ್ದು ಹಂಗಳದಲ್ಲಿ. ಅಪ್ಪ ಅವ್ವ ಕಂಡವರ ಹೊಲದಲ್ಲಿ ಕೂಲಿ ಮಾಡಿದವರು. ಅವನೂ ಮೀಸೆ ಮೂಡುವವರೆಗೆ ಅದನ್ನೇ ಮಾಡಿದ. ಒಮ್ಮೆ ಊರ ಮುಂದೆ ಪಟ್ಟಿ ಮುರಿದು ನಿಂತ ಲಾರಿಯನ್ನು ರಿಪೇರಿ ಮಾಡಲು ಗುಂಡ್ಲುಪೇಟೆಯಿಂದ ಮಲಯಾಳಿ ಮೇಸ್ತ್ರಿಯೊಬ್ಬ ಬಂದಿದ್ದ. ಎಲ್ಲರೂ ಅವನನ್ನು ಆಶಾನ್ ಎನ್ನುತ್ತಿದ್ದರು. ಅವರ ಭಾಷೆಯಲ್ಲಿ ಗುರು ಎಂದರ್ಥ. ಜಾಕು ಹಿಡಿಯಲು ಹೋದ ಪುಟ್ಟಮಾದು ಸಂಜೆ ಅದೇ ಲಾರಿ ಹತ್ತಿ ಅವನ ಹಿಂದೆ ಹೊರಟುಬಿಟ್ಟ. ಆಶಾನ್ ಹೊಡೆದು ಬಡಿದು ಕೆಲಸ ಕಲಿಸಿದ. ಮುಪ್ಪಿನಲ್ಲಿ ತನ್ನೂರಿಗೆ ಹೋಗುವಾಗ ಕುಲುಮೆಯನ್ನು ಶಿಷ್ಯನಿಗೆ ಬಿಟ್ಟು ಹೋದ. ಒಮ್ಮೆ ಅಂಗಳ ದಾಟಿ ಹೋದ ಗಾಡಿ ಅದೇ ತೊಂದರೆಗೆ ತಿರುಗಿ ಬರಬಾರದು ಎಂಬ ಹಟವನ್ನೂ ಜೊತೆಗೇ ಬಿಟ್ಟು ಹೋದ.

ಆ ಹಟ ಪುಟ್ಟಮಾದುವಿಗೆ ರಕ್ತದಲ್ಲೇ ಸೇರಿಹೋಗಿತ್ತು. ಯಾರಾದರೂ ಡ್ರೈವರು, ಹಾಕಿದ ಪಟ್ಟಿ ಕಿರುಗುಟ್ಟುತ್ತದೆ ಎಂದು ವಾಪಸು ಬಂದರೆ ಅವನ ಮುಖ ಕಪ್ಪಿಡುತ್ತಿತ್ತು. ಅವತ್ತು ಊಟ ಸೇರುತ್ತಿರಲಿಲ್ಲ. ಹೆಂಡತಿ ಮೂಗಮ್ಮ ಮುಖ ನೋಡಿಯೇ ತಿಳಿದುಕೊಂಡು, ಮುದ್ದೆಯನ್ನು ಮುಚ್ಚಿಟ್ಟು ಸುಮ್ಮನಾಗುತ್ತಿದ್ದಳು. ಐವತ್ತರ ಹತ್ತಿರ ಬರುವ ಹೊತ್ತಿಗೆ ಅಂಥ ದಿನಗಳು ತೀರಾ ಕಡಿಮೆಯಾಗಿದ್ದವು. ಅಂಥ ಹೊತ್ತಿನಲ್ಲಿ ಆ ಕೆಂಪು ಕಾರು ಬಂತು.

ತೊಂಬತ್ಮೂರನೇ ಇಸವಿಯ ಬೇಸಿಗೆ. ಚಾಮರಾಜನಗರದ ಅರಿಶಿನ ಮಂಡಿಯ ಶಿವರುದ್ರಸ್ವಾಮಿ ಅದನ್ನು ತಂದದ್ದು. ಅವರ ಲಾರಿಗಳಿಗೆಲ್ಲ ಪಟ್ಟಿ ಕಟ್ಟುತ್ತಿದ್ದವನು ಪುಟ್ಟಮಾದುವೇ. ಚಂದಕವಾಡಿ ಕಡೆ ತೋಟ, ಪೇಟೆಯಲ್ಲಿ ಮಂಡಿ, ನಡುವಯಸ್ಸು, ಮೆತ್ತಗಿನ ಮಾತು. ಮೈಸೂರಿನಲ್ಲಿ ಓದುವಾಗ ಕಾರು ಪಂದ್ಯದ ಹುಚ್ಚು ಹಿಡಿದು, ಅಪ್ಪನ ಹೆದರಿಕೆಗೆ ಅದನ್ನು ಒಳಗೇ ಅದುಮಿಟ್ಟುಕೊಂಡಿದ್ದವರು. ಈಗ ಊಟಿ ಬೆಟ್ಟದ ಮೇಲಿನ ಮುದುಕ ದೊರೆಯೊಬ್ಬರ ಕೊಟ್ಟಿಗೆಯಲ್ಲಿ ದೂಳು ತಿನ್ನುತ್ತಿದ್ದ ಇಬ್ಬರೇ ಕೂರುವ ಇಂಗ್ಲೆಂಡಿನ ಕಾರನ್ನು ಕೊಂಡು ತಂದಿದ್ದರು. ಮುಂದಿನ ಚಳಿಗಾಲದಲ್ಲಿ ಮದ್ರಾಸಿನ ಹತ್ತಿರದ ಟ್ರ್ಯಾಕಿನಲ್ಲಿ ಹಳೇ ಕಾರುಗಳಿಗಾಗಿಯೇ ಒಂದು ರೇಸು ಇಡುತ್ತಾರಂತೆ, ಅದರಲ್ಲಿ ಓಡಿಸಬೇಕು ಎಂಬುದು ಅವರ ಆಸೆ. ಎಂಜಿನನ್ನು ಮೈಸೂರಿನವರು ಸರಿ ಮಾಡಿ ಕೊಟ್ಟಿದ್ದರು. ತೊಂದರೆ ಇದ್ದದ್ದು ಓಟದಲ್ಲಿ. ಎಡಕ್ಕೆ ತಿರುಗಿದರೆ ಮೂಗು ಬಗ್ಗದೆ ನೇರಕ್ಕೆ ಎಳೆಯುತ್ತಿತ್ತು. ಬಲಕ್ಕೆ ತಿರುಗಿದರೆ ಹಿಂದಿನ ಚಕ್ರಗಳು ಪಕ್ಕಕ್ಕೆ ಜಾರಿ ಬಾಲ ಬೀಸುತ್ತಿತ್ತು.

ಕಾರಿನ ಹಿಂದುಗಡೆ ಇದ್ದದ್ದು ಲಾರಿಯಂಥದೇ ಕಮಾನು ಪಟ್ಟಿ, ಅಳತೆ ಮಾತ್ರ ಸಣ್ಣದು. ಪುಟ್ಟಮಾದು ಕೆಳಗೆ ತೂರಿ ನೋಡಿ ಎದ್ದು, ಮೈ ಕೊಡವಿಕೊಂಡು ನಕ್ಕ.

"ಇದೇನ್ ಸಾ, ಮಕ್ಕಳಾಟಿಕೆ ಇದ್ದಂಗದೆ. ಸಂಜೆ ಒಳಗೆ ಆಗೋಯ್ತದೆ."

ಆ ಮಾತನ್ನು ಅವನು ಆಮೇಲೆ ಎಷ್ಟು ಸಲ ನೆನೆಸಿಕೊಂಡು ತುಟಿ ಕಚ್ಚಿಕೊಂಡನೋ ಲೆಕ್ಕವಿಲ್ಲ.

ಅವತ್ತೇ ಎರಡೂ ಕಡೆಯ ಪಟ್ಟಿ ಬಿಚ್ಚಿ, ಬಾಗು ಏರಿಸಿ, ಒಂದೊಂದು ಹೆಚ್ಚಿನ ಪಟ್ಟಿ ಸೇರಿಸಿ ಬಿಗಿದ. ಲಾರಿಗಾದರೆ ಅದೇ ಮದ್ದು. ಗಾಡಿ ಓಲಾಡಿದರೆ ಪಟ್ಟಿ ಸೇರಿಸು, ಗಟ್ಟಿಯಾಗುತ್ತದೆ. ಶಿವರುದ್ರಸ್ವಾಮಿ ಹಂಗಳದ ಕಡೆ ಒಂದು ಸುತ್ತು ಹೋಗಿ ಬಂದರು. ಕಾರು ಈಗ ಓಲಾಡುತ್ತಿರಲಿಲ್ಲ, ಕುಪ್ಪಳಿಸುತ್ತಿತ್ತು. ರಸ್ತೆಯ ಪ್ರತಿ ಹಳ್ಳಕ್ಕೂ ಹಿಂದಿನ ಚಕ್ರ ಗಾಳಿಗೆ ಏಳುತ್ತಿತ್ತು. ಲಾರಿ ಹತ್ತು ಟನ್ನು ಹೊರುವ ಪ್ರಾಣಿ. ಇದು ತನ್ನನ್ನೇ ಹೊತ್ತುಕೊಂಡು ಓಡುವ ಪ್ರಾಣಿ, ಅದಕ್ಕೆ ಲಾರಿಯ ಬುದ್ಧಿ ಹತ್ತುವುದಿಲ್ಲ ಎಂಬುದು ಅವನಿಗೆ ಹೊಳೆದದ್ದು ಎಷ್ಟೋ ದಿನದ ಮೇಲೆ. ಆಗ ಅವನಿಗೆ ಕಂಡದ್ದು ಒಂದೇ. ಅಂಗಳ ದಾಟಿದ ಗಾಡಿ ಅರ್ಧ ಗಂಟೆಯೊಳಗೆ ತಿರುಗಿ ಬಂದಿತ್ತು.

ಸೇರಿಸಿದ್ದನ್ನು ತೆಗೆದ. ಕಾರು ನೀರಿನ ಮೇಲಿನ ತೆಪ್ಪದಂತೆ ತೂಗಾಡಿತು. ಪಟ್ಟಿಗಳ ನಡುವೆ ಗ್ರೀಸು ತುಂಬಿದ, ಒರೆಸಿದ. ಅಚ್ಚಿನ ಪಕ್ಕದ ಶಾಕ್ ಅಬ್ಸಾರ್ಬರುಗಳಿಗೆ ಮಂದ ಎಣ್ಣೆ ಹಾಕಿದ, ಮೆದುಗೊಂಡಿದ್ದ ರಬ್ಬರು ಬುಷ್‌ಗಳನ್ನು ಕಿತ್ತು ಹೊಸದು ಕೂರಿಸಿದ. ಒಂದೊಂದಕ್ಕೂ ಒಂದಿಷ್ಟು ಗುಣ ಕಾಣುತ್ತಿತ್ತು, ಮಾರನೇ ವಾರ ಬೇರೆ ಕಡೆ ರೋಗ ಎದ್ದಿರುತ್ತಿತ್ತು. ಮುಂದಿನ ಚಕ್ರಗಳದು ಬೇರೆಯೇ ಕಥೆ. ಅಲ್ಲಿ ಪಟ್ಟಿಯ ಬದಲು ಸುರುಳಿ ಸ್ಪ್ರಿಂಗು. ಸ್ವಾಮಿಯವರು ಮೈಸೂರಿನಿಂದ ಒಬ್ಬ ಮೆಕ್ಯಾನಿಕ್ಕನ್ನು ಕರೆಸಿದರು. ಅವನು ಮುಂದಿನ ಚಕ್ರಗಳ ಓರೆಯನ್ನು ತಿದ್ದಿ, ತನ್ನ ಕಡೆಯದು ಸರಿಯಾಗಿದೆ, ಉಳಿದದ್ದು ಹಿಂದಿನವನ ಪಾಪ ಎಂದು ಹೇಳಿ ಬಸ್ಸು ಹತ್ತಿದ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎನ್ನುವಂತೆ ಕಾರಿನ ಮುಂದಿನರ್ಧ ಒಂದು ಕಡೆ, ಹಿಂದಿನರ್ಧ ಇನ್ನೊಂದು ಕಡೆ.

ಮಳೆಗಾಲ ಕಳೆದರೂ ಬಲತಿರುವಿಗೆ ಬಾಲ ಬೀಸುವುದು ನಿಲ್ಲಲಿಲ್ಲ.

ಪುಟ್ಟಮಾದುವನ್ನು ಹೆಚ್ಚು ಸುಡುತ್ತಿದ್ದದ್ದು ಸ್ವಾಮಿಯವರ ತಾಳ್ಮೆ. ಪ್ರತಿ ಸಲವೂ ಅವರು ಕಾರಿನಿಂದ ಇಳಿದು, ಕರ್ಚೀಫಿನಲ್ಲಿ ಕತ್ತು ಒರೆಸಿಕೊಂಡು, ಮೊದಲಿಗಿಂತ ವಾಸಿ ಪುಟ್ಟಮಾದು, ಇನ್ನೊಂದು ಸಲ ನೋಡನ ಎನ್ನುತ್ತಿದ್ದರು. ಬೈದಿದ್ದರೆ ಅವನೂ ನಾಲ್ಕು ಮಾತು ತಿರುಗಿಸಿ ಹಗುರಾಗುತ್ತಿದ್ದ. ಆ ಮೆತ್ತಗಿನ ಮಾತಿಗೆ ಏನು ಹೇಳುವುದು? ಸಿಟ್ಟನ್ನೆಲ್ಲ ಅವನು ಲಾರಿ ಡ್ರೈವರುಗಳ ಮೇಲೆ ಕಕ್ಕುತ್ತಿದ್ದ. ಬೇಗೂರಿನ ಬಾಡಿಗೆ ಲಾರಿಯವನೊಬ್ಬ, ಏನಣ್ಣ, ನಿನ್ನ ಕೆಂಪು ಹೆಂಡ್ರು ಮನೆಗೆ ಬಂದ್ಲಾ ಎಂದು ತಮಾಷೆ ಮಾಡಿದ್ದಕ್ಕೆ, ಅರ್ಧ ಬಿಚ್ಚಿದ ಪಟ್ಟಿಯನ್ನು ಹಾಗೇ ಬಿಟ್ಟು ಎದ್ದುಹೋಗಿದ್ದ. ಮನೆಯಲ್ಲಿ ಮಗಳು ಕುಮಾರಿ ಅಪ್ಪನೆದುರು ಕಾರಿನ ಸುದ್ದಿ ಎತ್ತುವುದನ್ನೇ ನಿಲ್ಲಿಸಿದ್ದಳು.

ಕೊನೆಗೆ ಅವನು ಕೊಯಮತ್ತೂರಿಗೆ ಹೊರಟ. ಅಲ್ಲಿ ರೇಸು ಕಾರು ಕಟ್ಟುವವರಿದ್ದಾರೆಂದು ಸ್ವಾಮಿಯವರಿಗೆ ಗೊತ್ತಿತ್ತು, ಒಬ್ಬರ ವಿಳಾಸವನ್ನೂ ಹೇಳಿದ್ದರು. ಚಾಮರಾಜನಗರದಿಂದ ಆ ಕಡೆಗೆ ಕಾಡು ದಾಟುವ ಬಸ್ಸುಗಳು ಆಗ ಕಾಡುಗಳ್ಳರ ಭಯಕ್ಕೆ ಪೊಲೀಸರ ಕಾವಲಿನಲ್ಲಿ ಸಾಲಾಗಿ ಹೋಗಬೇಕಿದ್ದ ಕಾಲ. ಚೆಕ್‌ಪೋಸ್ಟಿನಲ್ಲಿ ಕಾಯುತ್ತ ಕುಳಿತ ಪುಟ್ಟಮಾದುವಿಗೆ, ಇಷ್ಟು ವರ್ಷ ಪಟ್ಟಿ ಬಡಿದು ಈಗ ಇನ್ನೊಬ್ಬನ ಬಾಗಿಲಿಗೆ ಹೋಗಬೇಕಾಯಿತಲ್ಲ ಎಂಬ ಸಂಕಟ. ಹೋದ ಮೇಲೆ ಆ ಮನುಷ್ಯ ಅವನನ್ನು ಕೂರಿಸಲೂ ಇಲ್ಲ. ಯಾವುದೋ ಕಾರಿನ ಕೆಳಗೆ ಮಲಗಿದ್ದಲ್ಲಿಂದಲೇ ಕೇಳಿಸಿಕೊಂಡು ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದ. ಕಾರಿನ ನಾಲ್ಕು ಕಾಲನ್ನೂ ಬೇರೆ ಬೇರೆ ತೂಗಿ ನೋಡಿದ್ದೀಯಾ? ಇಲ್ಲ ಎಂದಾಗ, ತೂಗದೆ ಏನನ್ನೂ ಮುಟ್ಟಬೇಡ ಎಂದು ಹೇಳಿ ಮತ್ತೆ ತನ್ನ ಕೆಲಸಕ್ಕೆ ತಿರುಗಿದ. ಪುಟ್ಟಮಾದು ಇದು ತನ್ನನ್ನು ಅಟ್ಟುವ ಮಾತೆಂದುಕೊಂಡು ಉರಿಯುತ್ತಲೇ ಬಸ್ಸು ಹತ್ತಿದ. ಘಟ್ಟ ಹತ್ತುವಾಗ ಬಸ್ಸು ಬಳುಕಿದ ಹಾಗೆಲ್ಲ ತಾನು ಕುಳಿತ ಮೂಲೆ ಕುಸಿದು ಎದುರು ಮೂಲೆ ಏಳುವುದನ್ನು ನೋಡುತ್ತ ನೋಡುತ್ತ, ಆ ಮಾತಿನಲ್ಲಿ ಏನೋ ಇದೆ ಅನ್ನಿಸತೊಡಗಿತು. ಒಂದು ಕಾಲು ಗಿಡ್ಡವಾದ ಮಂಚದಲ್ಲಿ ಭಾರವೆಲ್ಲ ಓರೆಯಾಗಿ ಎರಡು ಕಾಲಿನ ಮೇಲೆ ಬೀಳುತ್ತದಲ್ಲ, ಕಾರೂ ಹಾಗೆಯೇ ಕುಂಟುತ್ತಿರಬಹುದು.

ತೂಗುವುದಕ್ಕೇನು, ಸ್ವಾಮಿಯವರದೇ ಮಂಡಿ. ಅಕ್ಕಪಕ್ಕದ ಮಂಡಿಗಳಿಂದಲೂ ಮೂಟೆ ತೂಗುವ ಹಲಗೆ ತಕ್ಕಡಿಗಳನ್ನು ಕೇಳಿ ತಂದರು. ತೂಕದ ಚಿಕ್ಕಮಲ್ಲಪ್ಪ, ಹುಟ್ಟಿದಾಗಿನಿಂದ ಆ ಮಂಡಿಯಲ್ಲೇ ಇದ್ದವರು, ಪೈಪಿನಲ್ಲಿ ನೀರು ತುಂಬಿ ಮಟ್ಟ ಹಿಡಿದು ನಾಲ್ಕು ತಕ್ಕಡಿಗಳನ್ನೂ ಒಂದೇ ಎತ್ತರಕ್ಕೆ ಕೂರಿಸಿದರು. ಅಂಗಳದ ಹಮಾಲಿಗಳೆಲ್ಲ ಸೇರಿ ಕಾರನ್ನು ಹಲಗೆಯ ಮೇಲೆ ಹತ್ತಿಸಿದರು. ಆದರೆ ಓಡಿಸುವವರು ಒಳಗೆ ಕೂರಬೇಕಲ್ಲ. ಸ್ವಾಮಿಯವರಿಗೆ ಅವತ್ತು ಕೊಳ್ಳೇಗಾಲದಲ್ಲಿ ನೆಂಟರ ಮದುವೆ. ತಮ್ಮ ತೂಕ ಇಷ್ಟು ಎಂದು ಹೇಳಿ, ಅಷ್ಟೇ ಅರಿಶಿನವನ್ನು ಸೀಟಿನಲ್ಲಿಡಿ ಎಂದು ಹೋಗಿದ್ದರು. ಹಾಗೆ ಬಲಗಡೆ ಸ್ಟೇರಿಂಗಿನ ಹಿಂದೆ ಅರಿಶಿನದ ಮೂಟೆ ಕುಳಿತಿತು.

ತೂಕ ನೋಡಿ ಪುಟ್ಟಮಾದು ಬಾಯಿ ಮೇಲೆ ಕೈಯಿಟ್ಟುಕೊಂಡ. ಹಿಂದಿನ ಎಡಚಕ್ರ, ಮುಂದಿನ ಬಲಚಕ್ರ ಎರಡೇ ಬಹುಪಾಲು ಹೊರೆ ಹೊತ್ತಿದ್ದವು. ಉಳಿದೆರಡು ನೆಲವನ್ನು ಸವರುತ್ತಿದ್ದವು ಅಷ್ಟೇ. ಬಲಕ್ಕೆ ತಿರುಗಿದಾಗ ಆ ಹಿಂದಿನ ಎಡಚಕ್ರದ ಮೇಲೆ ಇನ್ನೂ ಭಾರ ಬಿದ್ದು, ತಡೆಯಲಾರದೆ ಜಾರುತ್ತಿತ್ತು. ಎಷ್ಟು ತಿಂಗಳು ಗಟ್ಟಿ ಮೆದು ಎಂದು ಒದ್ದಾಡಿದರೂ ಅವನು ಎರಡೂ ಪಕ್ಕಕ್ಕೆ ಒಂದೇ ಸಮ ಕೆಲಸ ಮಾಡುತ್ತಿದ್ದ. ಬೇಕಿದ್ದದ್ದು ಒಂದು ಪಕ್ಕಕ್ಕೆ ಮಾತ್ರ. ಬಲಗಡೆಯ ಹಿಂದಿನ ಪಟ್ಟಿಗೆ ಸ್ವಲ್ಪ ಹೆಚ್ಚು ಬಾಗು ಕೊಟ್ಟ, ಎಡದ್ದನ್ನು ಇಳಿಸಿದ, ಮತ್ತೆ ತೂಗಿದ. ಗುಂಡ್ಲುಪೇಟೆಗೂ ಚಾಮರಾಜನಗರಕ್ಕೂ ಪಟ್ಟಿ ಹೆಗಲ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಓಡಾಡಿದ. ಕೊನೆಗೊಂದು ದಿನ ಮಧ್ಯಾಹ್ನ ಓರೆಯಾಗಿ ಎದುರುಬದುರಿರುವ ಚಕ್ರಗಳ ಎರಡು ಜೋಡಿಯೂ ಸಮವಾಗಿ ತೂಗಿದವು. ಚಿಕ್ಕಮಲ್ಲಪ್ಪ ತಕ್ಕಡಿಯ ಕಡ್ಡಿಯನ್ನು ಬೆರಳಲ್ಲಿ ನಿಲ್ಲಿಸಿ, ಆಯ್ತು ಕಣಪ್ಪ ಎಂದರು.

ಸ್ವಾಮಿಯವರು ಬಂದು ಚಂದಕವಾಡಿ ರಸ್ತೆಗೆ ಕಾರು ತಿರುಗಿಸಿದರು. ಪುಟ್ಟಮಾದು ಮೊದಲನೇ ತಿರುವಿನಲ್ಲಿ, ಸೂರ್ಯಕಾಂತಿ ಹೊಲದ ಬದಿಯಲ್ಲಿ ನಿಂತಿದ್ದ. ಕಾರು ಬಂತು, ಬಲಕ್ಕೆ ಹೊರಳಿತು, ಬಾಲ ಬೀಸಿತು. ತಡೆಯುವಷ್ಟರಲ್ಲಿ ಪೂರಾ ತಿರುಗಿ ಹಿಮ್ಮುಖವಾಗಿ ಸೂರ್ಯಕಾಂತಿಯ ನಡುವೆ ನುಗ್ಗಿ ನಿಂತಿತು.

ಓಡಿಹೋಗಿ ನೋಡಿದ. ಸ್ವಾಮಿಯವರಿಗೆ ಏನೂ ಆಗಿರಲಿಲ್ಲ. ಅವರು ಇಳಿಯಲು ಒದ್ದಾಡುತ್ತಿದ್ದರು. ಆ ಪುಟ್ಟ ಬಾಗಿಲಿನಿಂದ ಮೊದಲು ಒಂದು ಕಾಲು, ಆಮೇಲೆ ಹೊಟ್ಟೆ, ಸ್ಟೇರಿಂಗನ್ನು ತಳ್ಳಿಕೊಂಡು ಮೈ. ಬೇಸಿಗೆಯಿಂದ ಎಷ್ಟೋ ಸಲ ಕಂಡಿದ್ದ ನೋಟ ಅದು. ಅವತ್ತು ಪುಟ್ಟಮಾದು ಅದನ್ನು ಅಳೆಯುವ ಕಣ್ಣಿನಿಂದ ನೋಡಿದ. ಮಂಡಿಯಲ್ಲಿ ಸೀಟಿನ ಮೇಲೆ ಕುಳಿತಿದ್ದ ಮೂಟೆ ಇದರ ಮುಂದೆ ಒಣಕಲು.

ಅವನು ಕಾರನ್ನು ಎಳೆಸಿಕೊಂಡು ಮಂಡಿಗೆ ಬಂದ ಮೇಲೆ, ಅಂಗಳದ ನಡುವಿದ್ದ ತಕ್ಕಡಿಯನ್ನು ತೋರಿಸಿದ.

"ಅತ್ತಿ ಸಾ."

ಈಗ ಯಾಕೆ, ಸುಸ್ತಾಗಿದೆ, ನಾಳೆ ನೋಡನ ಎಂದರು ಸ್ವಾಮಿಯವರು. ಪುಟ್ಟಮಾದು ಜಾಗ ಬಿಟ್ಟು ಕದಲಲಿಲ್ಲ. ಚಪ್ಪಲಿ ಬಿಟ್ಟು ಅವರು ಹಲಗೆ ಹತ್ತಿದರು. ಚಿಕ್ಕಮಲ್ಲಪ್ಪ ಅವರು ಹೇಳಿದ್ದ ತೂಕಕ್ಕೆ ಗುಂಡು ಸರಿಸಿದರು. ಕಡ್ಡಿ ಮೇಲೆ ಬಡಿದುಕೊಂಡು ನಿಂತಿತು. ಇನ್ನಷ್ಟು ಸರಿಸಿದರು. ಇನ್ನಷ್ಟು. ಕೊನೆಗೆ ಪಕ್ಕದಿಂದ ಇನ್ನೊಂದು ಗುಂಡು ತಂದು ಇಡಬೇಕಾಯಿತು. ಹಮಾಲಿಗಳು ಮುಖ ಆ ಕಡೆ ತಿರುಗಿಸಿಕೊಂಡರು.

"ಯಾವಾಗ ತೂಗಿಸ್ಕಂಡಿದ್ರಿ ಸಾ ಅದನ್ನ?" ಪುಟ್ಟಮಾದು ಕೇಳಿದ.

ಸ್ವಾಮಿಯವರು ನೆಲ ನೋಡುತ್ತ, "ಮೈಸೂರಲ್ಲಿ," ಎಂದರು. ಆಮೇಲೆ, "ಮದುವೆಗೆ ಮುಂಚೆ," ಎಂದರು.

ಪುಟ್ಟಮಾದುವಿಗೆ ಆಗ ತಡೆಯಲಾಗಲಿಲ್ಲ. ಬೇಸಿಗೆಯಿಂದ ನುಂಗಿಕೊಂಡದ್ದೆಲ್ಲ ಒಮ್ಮೆಗೇ ಬಾಯಿಗೆ ಬಂತು.

"ನಾನು ಬೆನ್ನು ಮುರ್ಕಂಡು ಆ ಪಟ್ಟಿ ಬಡುದ್ನಲ್ಲ ಸಾ, ಯಾರ್ಗೆ ಬಡುದ್ದು? ಇಲ್ದೇ ಇರೋ ಮನ್ಸನ್ಗೆ ಬಡ್ದಂಗಾಯ್ತಲ್ಲ! ನಂಗೆ ಒಂದ್ ಮಾತು ದಿಟ ಏಳ್ಬುಟ್ಟಿದ್ರೆ ಏನೋಯ್ತಿತ್ತು ನಿಮ್ಗೆ? ಅರಿಶಿನದ ಮೂಟೆನಾದ್ರೂ ಸುಳ್ಳೇಳಾಕಿಲ್ಲ ಕಣ ಸಾ."

ಆ ಅಂಗಳದಲ್ಲಿ ಸ್ವಾಮಿಯವರ ಎದುರು ಯಾರೂ ದನಿ ಎತ್ತಿದ್ದಿಲ್ಲ. ಅದರಲ್ಲೂ ಹಂಗಳದ ಕೇರಿಯಿಂದ ಬಂದವನೊಬ್ಬ ಎತ್ತುವುದೆಂದರೆ ಕನಸಿನ ಮಾತು. ಚಿಕ್ಕಮಲ್ಲಪ್ಪ ಮೇಲೆದ್ದು, "ಏ ಪುಟ್ಟಮಾದ, ಯಾರತ್ರ ಮಾತಾಡ್ತಾ ಇದ್ದೀಯ ಅನ್ನೋದು ಗ್ಯಾನ ಇರಲಿ," ಎಂದು ಗದರಿದರು. ಸ್ವಾಮಿಯವರು ಇನ್ನೂ ಹಲಗೆಯ ಮೇಲೆಯೇ ನಿಂತಿದ್ದರು. ಕೈಯೆತ್ತಿ, "ಬುಡಿ ಚಿಕ್ಕಮಲ್ಲಪ್ಪನೋರೆ, ಅವನೇನು ಇಲ್ಲದ್ದು ಹೇಳಲಿಲ್ಲ," ಎಂದರು. ಪುಟ್ಟಮಾದು ಅದನ್ನು ಕೇಳುವುದಕ್ಕೂ ನಿಲ್ಲದೆ, ಹತ್ಯಾರಿನ ಚೀಲ ಹೆಗಲಿಗೇರಿಸಿ ಬಸ್ ಸ್ಟ್ಯಾಂಡಿನ ಕಡೆ ನಡೆದುಬಿಟ್ಟ.

ಮನೆಗೆ ಬಂದು, ಇನ್ನು ಆ ಕಾರನ್ನು ಮುಟ್ಟಿದರೆ ಕೇಳು ಎಂದ. ಮೂಗಮ್ಮ ಅವತ್ತು ಮುದ್ದೆ ಮುಚ್ಚಿಡಲಿಲ್ಲ. ಎದುರಿಗೆ ಕುಳಿತು ಪೂರ್ತಿ ಕಥೆ ಕೇಳಿಸಿಕೊಂಡಳು. ಹಲಗೆ ಹತ್ತಿಸಿದ ಜಾಗ ಬಂದಾಗ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು.

"ಸುಳ್ಳೇಳ್ದೋರು ಅವ್ರು. ಕಾರು ನಿಂಗೇನ್ ಮಾಡ್ತು?" ಎಂದಳು.

ಆ ಮಾತಿಗೆ ಅವನು ಅವಳ ಮೇಲೂ ರೇಗಿ ಉಂಡು ಮಲಗಿದ.

ಮಾರನೇ ದಿನ ಬೆಳಿಗ್ಗೆ ಶಿವರುದ್ರಸ್ವಾಮಿ ಕುಲುಮೆಯ ಮುಂದೆ ಬಂದಿಳಿದರು. ಜೊತೆಗೆ ಹೆಂಡತಿ ನಾಗರತ್ನಮ್ಮನೂ ಇದ್ದರು. ಆಕೆ ಜೀಪಿನಲ್ಲಿ ಕುಳಿತಲ್ಲಿಂದಲೇ, ನಮ್ಮನೆಯವರು ಟೈಲರಿಗೂ ಹಳೇ ಅಳತೇನೇ ಹೇಳಿ ಅಂಗಿ ಹಾಳು ಮಾಡಿಸ್ತಾರೆ ಕಣಪ್ಪ, ನೀನು ಮನಸ್ಸಿಗೆ ಹಚ್ಕೋಬೇಡ ಎಂದರು. ಸ್ವಾಮಿಯವರು ಪಟ್ಟಿ ಬಡಿಯುವ ದಿಮ್ಮಿಯ ಪಕ್ಕದ ಬೆಂಚಿನ ಮೇಲೆ ಕುಳಿತು, ಎದುರಿನ ಹೋಟೆಲಿನಿಂದ ಎರಡು ಟೀ ಹೇಳಿದರು. ಲೋಟ ಖಾಲಿಯಾದ ಮೇಲೆ ಪುಟ್ಟಮಾದುವೇ ಎದ್ದು, ಬಲಗಡೆಗೆ ಇನ್ನೊಂದು ತೆಳುಪಟ್ಟಿ ಸೇರಿಸದೆ ನಿಮ್ಮ ಭಾರ ತಡೆಯುವುದಿಲ್ಲ ಎಂದ. ಭಾರ ಎಂಬ ಮಾತನ್ನು ಒತ್ತಿಯೇ ಹೇಳಿದ.

ಆ ಪಟ್ಟಿ ಸೇರಿತು. ಈ ಸಲ ಸ್ವಾಮಿಯವರೇ ಸೀಟಿನಲ್ಲಿ ಕುಳಿತರು, ನಾಲ್ಕೂ ಚಕ್ರ ತೂಗಿದರು. ಸಂಕ್ರಾಂತಿ ಕಳೆದ ಮೇಲೆ ಮಂಡಿಯ ಮೂಟೆ ಏರಿಸುವ ದಿಬ್ಬದಿಂದಲೇ ಕಾರನ್ನು ಅರಿಶಿನದ ಲಾರಿಯೊಂದಕ್ಕೆ ಹತ್ತಿಸಿ, ಹಗ್ಗ ಬಿಗಿದು, ಡ್ರೈವರ್ ಮಾದೇಶನ ಜೊತೆ ಪುಟ್ಟಮಾದುವೂ ಮದ್ರಾಸಿಗೆ ಹೊರಟ. ಕೈಯಲ್ಲೊಂದು ತೂಕದ ಕಲ್ಲಿನಷ್ಟು ಭಾರದ ಹತ್ಯಾರಿನ ಚೀಲ, ಮೂಗಮ್ಮ ಕಟ್ಟಿಕೊಟ್ಟ ರೊಟ್ಟಿ ಗಂಟು.

ರೇಸಿನ ಹಿಂದಿನ ದಿನ ಟ್ರ್ಯಾಕಿನಲ್ಲಿ ಸುಮ್ಮನೆ ಓಡಿಸಿ ನೋಡಲು ಬಿಟ್ಟರು. ಪುಟ್ಟಮಾದು ಬೇಲಿಯ ಕಂಬಿ ಹಿಡಿದು ನಿಂತ. ಆ ಟ್ರ್ಯಾಕಿನಲ್ಲಿ ಹೆಚ್ಚಿನವು ಬಲತಿರುವುಗಳೇ. ಮೊದಲನೇ ಸುತ್ತಿನಲ್ಲಿ ಸ್ವಾಮಿಯವರು ಹೆದರಿ ಹೆದರಿ ತಿರುಗಿಸಿದರು. ಎರಡನೆಯದರಲ್ಲಿ ಪೂರಾ ವೇಗಕ್ಕೆ ಬಿಟ್ಟರು. ಕಾರು ತಿರುವಿಗೆ ಬಂದು, ಒಂದಿಷ್ಟು ಮೈ ವಾಲಿಸಿ, ನಾಲ್ಕೂ ಕಾಲನ್ನು ನೆಲಕ್ಕೆ ಊರಿ, ಗೆರೆ ಎಳೆದಂತೆ ಸುತ್ತಿಕೊಂಡು ಹೋಯಿತು. ಬಾಲ ಕದಲಲಿಲ್ಲ. ಮತ್ತೆ ಬಂತು, ಮತ್ತೆ ಹಾಗೆಯೇ ಹೋಯಿತು. ಪಕ್ಕದಲ್ಲಿದ್ದ ಮಾದೇಶ ಬೀಡಿ ಕೊಡಲು ಬಂದರೆ ಪುಟ್ಟಮಾದು ಕೈ ಅಡ್ಡ ಮಾಡಿದ. ತಿಂಗಳುಗಟ್ಟಲೆ ಕಾದದ್ದು ಕಣ್ಣೆದುರು ಓಡುವಾಗ ಹೊಗೆ ಅಡ್ಡ ಬರುವುದು ಬೇಡವಾಗಿತ್ತು.

ಮಾರನೇ ಬೆಳಿಗ್ಗೆ ಕಾರುಗಳನ್ನು ಪರೀಕ್ಷೆ ಮಾಡುವವರು ಬಂದರು. ಬಿಳೀ ಟೋಪಿಯ ಹಿರಿಯರೊಬ್ಬರು ಹಿಂದುಗಡೆ ಬಗ್ಗಿ ಪಟ್ಟಿಗಳನ್ನು ಎಣಿಸಿದರು. ಎಡಗಡೆ ಎಣಿಸಿದರು, ಬಲಗಡೆ ಎಣಿಸಿದರು, ಮತ್ತೆ ಎಡಗಡೆಗೆ ಹೋದರು. ಬಲಗಡೆ ಒಂದು ಹೆಚ್ಚಿತ್ತು. ಹಳೇ ಕಾರುಗಳ ರೇಸಿನಲ್ಲಿ ಕಾರು ಕಾರ್ಖಾನೆಯಿಂದ ಹೇಗೆ ಬಂದಿತ್ತೋ ಹಾಗೇ ಇರಬೇಕು, ಪಟ್ಟಿಗಳ ಸಂಖ್ಯೆ ಬದಲಾಗುವಂತಿಲ್ಲ ಎಂಬುದು ನಿಯಮ. ಸ್ವಾಮಿಯವರು ಇಂಗ್ಲಿಷಿನಲ್ಲಿ ವಿನಯವಾಗಿ ಬೇಡಿಕೊಂಡರು. ಆ ಹಿರಿಯರೂ ಅಷ್ಟೇ ವಿನಯವಾಗಿ ತಲೆಯಾಡಿಸಿದರು. ತೆಗೆದರೆ ಓಡಬಹುದು, ತೆಗೆಯದಿದ್ದರೆ ಇಲ್ಲ.

"ನಿಮಗಿದು ಮೊದ್ಲೇ ಗೊತ್ತಿರನಿಲ್ವಾ ಸಾ?" ಎಂದು ಕೇಳಿದ ಪುಟ್ಟಮಾದು. ಅವನ ದನಿಯಲ್ಲಿ ಸಿಟ್ಟಿಗೂ ತ್ರಾಣ ಉಳಿದಿರಲಿಲ್ಲ.

ಗೊತ್ತಿರಲಿಲ್ಲ ಎಂದರು ಅವರು. ಈ ಸಲ ಅದು ನಿಜವೆಂದು ಮುಖವೇ ಹೇಳುತ್ತಿತ್ತು.

ಜಾಕು ಕೊಟ್ಟು, ಬಿಸಿಲಿನಲ್ಲಿ ಕಾದ ಸಿಮೆಂಟಿನ ಮೇಲೆ ಅಂಗಾತ ಮಲಗಿ, ತಾನೇ ಕೂರಿಸಿದ ಪಟ್ಟಿಯನ್ನು ತಾನೇ ಬಿಚ್ಚಿದ. ಬೇರೆ ಬಾಗು ಕೊಡಲು ಅಲ್ಲಿ ಕುಲುಮೆ ಇರಲಿಲ್ಲ, ತೂಗಲು ತಕ್ಕಡಿ ಇರಲಿಲ್ಲ. ಬಲಗಡೆಯ ಮೈ ಮತ್ತೆ ಕುಸಿದು ಕೂರುವುದನ್ನು ಕೆಳಗಿನಿಂದ ನೋಡಿದ. ಹೊರಗೆ ಬಂದು, ಬಲತಿರುವಿನಲ್ಲಿ ಆತುರ ಬೀಳಬೇಡಿ ಸಾ, ಬೀಸ್ತದೆ ಎಂದಷ್ಟೇ ಹೇಳಿದ.

ಸ್ವಾಮಿಯವರು ಆತುರ ಬೀಳಲಿಲ್ಲ. ತಿರುವು ಬಂದಾಗೆಲ್ಲ ನಿಧಾನಿಸಿ, ನೇರ ಹಾದಿಯಲ್ಲಿ ಅಟ್ಟಿಸಿ, ಹೇಗೋ ಓಟ ಮುಗಿಸಿದರು. ಕೊನೆಯವರೇನೂ ಆಗಲಿಲ್ಲ, ಅವರ ಹಿಂದೆಯೂ ನಾಲ್ಕಾರು ಕಾರುಗಳಿದ್ದವು. ಹೆಲ್ಮೆಟ್ಟು ತೆಗೆದಾಗ ಅವರ ಮುಖ ಹುಡುಗನ ಮುಖದ ಹಾಗೆ ಹೊಳೆಯುತ್ತಿತ್ತು. ಕಾಲೇಜಿನ ದಿನಗಳಿಂದ ಬೇಕೆಂದಿದ್ದದ್ದು ಸಿಕ್ಕಿತ್ತು ಅವರಿಗೆ. ಎಲ್ಲರ ಕೈ ಕುಲುಕಿ, ಪುಟ್ಟಮಾದುವಿನ ಎರಡೂ ಕೈ ಹಿಡಿದುಕೊಂಡರು. ಅವನು ನಗಲು ನೋಡಿದ, ಆಗಲಿಲ್ಲ. ಮುಂದಿನ ಸಾಲಿನಲ್ಲಿ ಗೆದ್ದ ಕಾರಿನ ಸುತ್ತ ಜನ ಸೇರಿದ್ದರು. ನಿನ್ನೆಯ ಹಾಗೆ ಓಡಿದ್ದರೆ ಅದರ ಬೆನ್ನಿಗೆ ನಾವಿರುತ್ತಿದ್ದೆವು ಎಂಬುದು ಅವನಿಗೆ ಗೊತ್ತಿತ್ತು. ಹೇಳಿದರೆ ನಂಬುವವರು ಯಾರು? ನೋಡಿದವನು ಮಾದೇಶ ಒಬ್ಬನೇ, ಅವನಿಗೂ ಏನು ನೋಡಿದೆನೆಂದು ತಿಳಿದಿರಲಿಲ್ಲ.

ಊರಿಗೆ ಬಂದ ಮೇಲೆ ಕುಲುಮೆಯ ಮುಂದೆ ನಿಂತವರೆಲ್ಲ ಕೇಳಿದ್ದು ಒಂದೇ: ಗೆದ್ರಾ? ಅವನು ಇಲ್ಲ ಎನ್ನುತ್ತಿದ್ದ. ಇನ್ನೂ ಕೇಳಿದರೆ ಬ್ಲೋವರು ಜೋರು ಮಾಡಿ ಕೆಂಡ ಎಬ್ಬಿಸುತ್ತಿದ್ದ.

ಆದರೂ ಸುಮ್ಮನಿರಲಾಗಲಿಲ್ಲ. ಸಂಖ್ಯೆ ಬದಲಿಸಬಾರದು ಅಂದರು, ದಪ್ಪ ಬದಲಿಸಬಾರದು ಅನ್ನಲಿಲ್ಲವಲ್ಲ. ಈ ಸಲ ಅವನೇ ಸ್ವಾಮಿಯವರಿಗೆ ಹೇಳಿ ಮದ್ರಾಸಿಗೆ ಕಾಗದ ಬರೆಸಿ ಕೇಳಿಸಿದ. ಅದಕ್ಕೆ ಅಡ್ಡಿಯಿಲ್ಲವೆಂದು ಉತ್ತರ ಬಂತು. ಮಳೆಗಾಲವಿಡೀ ಲಾರಿ ಇಲ್ಲದ ಹೊತ್ತಿನಲ್ಲಿ ಬಲಗಡೆಗೆಂದು ಒಂದು ಹೊಸ ಕಟ್ಟು ಪಟ್ಟಿ ತಯಾರು ಮಾಡಿದ. ಎಣಿಸಿದರೆ ಎಡದಷ್ಟೇ, ನಡುವಿನದೊಂದು ಕೂದಲೆಳೆಯಷ್ಟು ದಪ್ಪ. ಎರಡು ಸಲ ಹದ ತಪ್ಪಿ ಸೀಳಿಹೋಯಿತು. ಮೂರನೆಯದು ನಿಂತಿತು. ಸ್ವಾಮಿಯವರು ಯಾರೂ ಹೇಳದೆಯೇ ತಕ್ಕಡಿ ಹತ್ತಿ ನಿಂತರು. ಓರೆ ಜೋಡಿಗಳು ಸಮವಾಗಿ ತೂಗಿದವು.

ಆ ವರ್ಷ ಹಳೇ ಕಾರುಗಳ ರೇಸು ನಡೆಯಲಿಲ್ಲ. ಸಾಕಷ್ಟು ಕಾರುಗಳು ಹೆಸರು ಕೊಡಲಿಲ್ಲವೆಂದು ಕೈಬಿಟ್ಟರಂತೆ. ಮುಂದಿನ ವರ್ಷ ನೋಡೋಣ ಎಂದರಂತೆ. ಸುದ್ದಿ ತಂದ ಸ್ವಾಮಿಯವರು ಹೇಗೆ ಹೇಳುವುದೆಂದು ತಿಳಿಯದೆ ತುಂಬ ಹೊತ್ತು ಅರಿಶಿನದ ಧಾರಣೆಯ ಮಾತಾಡುತ್ತ ಕುಳಿತಿದ್ದರು. ಹೇಳಿದ ಮೇಲೆ ಪುಟ್ಟಮಾದು ಕೈಯಲ್ಲಿದ್ದ ಸುತ್ತಿಗೆಯನ್ನು ನಿಧಾನಕ್ಕೆ ದಿಮ್ಮಿಯ ಮೇಲಿಟ್ಟ. ಸರಿಯಿಲ್ಲದ ಕಾರಿಗೆ ರೇಸು ಇತ್ತು, ಸರಿಯಾದ ಕಾರಿಗೆ ರೇಸಿಲ್ಲ. ಯಾರ ಮೇಲೆ ರೇಗುವುದು? ಎದುರು ಕುಳಿತವರೂ ತನ್ನಷ್ಟೇ ಮಂಕಾಗಿದ್ದರು.

"ಹಂಗಳದ ತನ್ಕ ಹೋಗ್ಬರನ ಬಾ," ಎಂದರು ಸ್ವಾಮಿಯವರು.

ಅಷ್ಟು ದಿನ ಕಾರಿನ ಕೆಳಗೆ ಮಲಗಿದ್ದವನು ಪುಟ್ಟಮಾದು, ಒಳಗೆ ಕುಳಿತಿದ್ದಿಲ್ಲ. ಓಡುವಾಗ ಹೊರಗೆ ನಿಂತು ನೋಡಬೇಕಲ್ಲ. ಹತ್ಯಾರಿನ ಎಣ್ಣೆ ಮೆತ್ತಿದ ಬಟ್ಟೆ ಸೀಟಿಗೆ ತಾಗದ ಹಾಗೆ ಚೀಲವೊಂದನ್ನು ಹಾಸಿಕೊಂಡು ಎಡಗಡೆ ಕುಳಿತ. ಬೆಳಗಿನ ಬಿಸಿಲು, ಖಾಲಿ ರಸ್ತೆ, ಎದುರಿಗೆ ಹಿಮವದ್ ಗೋಪಾಲಸ್ವಾಮಿ ಬೆಟ್ಟ. ಕೆರೆಯ ಹತ್ತಿರದ ಬಲತಿರುವು ಬಂದಾಗ ಸ್ವಾಮಿಯವರು ವೇಗ ಇಳಿಸಲಿಲ್ಲ. ಪುಟ್ಟಮಾದು ಕಣ್ಣು ಮುಚ್ಚಿಕೊಂಡ. ಕೆಳಗೆ ಹಿಂದಿನ ಪಟ್ಟಿ ಮೆಲ್ಲಗೆ ಬಗ್ಗಿ ಹೊರೆ ತೆಗೆದುಕೊಂಡದ್ದು, ತಡೆದದ್ದು, ಮತ್ತೆ ನೇರವಾದದ್ದು ಬೆನ್ನಿಗೆ ತಿಳಿಯಿತು.

ಹೇಗಿದೆ ಎಂದು ಕೇಳಿದರು ಸ್ವಾಮಿಯವರು.

"ಪರವಾಗಿಲ್ಲ," ಎಂದ ಪುಟ್ಟಮಾದು. ಸ್ವಲ್ಪ ದೂರ ಹೋದ ಮೇಲೆ, "ವಾಪಸ್ ತಿರುಗ್ಸಿ ಸಾ, ಇನ್ನೊಂದ್ ಕಿತ ಅದೇ ತಿರುವಲ್ಲಿ ಓಗನ," ಎಂದ.